ಕುಕ್ಕರಿಗೆ ಕೌದಿ ಹೊದಿಸಿ ಗ್ಯಾಸ್ ಉಳಿಸಿದ್ದು: ನನ್ನ ಅನುಭವ

ನಮ್ಮ ಮನೆಯಲ್ಲಿ ಸಿಲಿಂಡರ್ ಈಗ 45 ದಿನದ ಹತ್ತಿರ ಬರುತ್ತದೆ. ಮೊದಲು ತಿಂಗಳು ದಾಟಿದರೆ ಅದೇ ಹೆಚ್ಚು. ನಾವು ಐದು ಜನ, ಎರಡೂ ಹೊತ್ತು ಊಟ ಮನೆಯದ್ದೇ. ಸ್ನಾನದ ನೀರು ಸೋಲಾರಿನದು, ಅದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಒಲೆ ಬದಲಿಸಿಲ್ಲ, ಅಡಿಗೆ ಕಡಿಮೆ ಮಾಡಿಲ್ಲ. ಕುಕ್ಕರ್ ಒಂದು ಸೀಟಿ ಹೊಡೆದ ಕೂಡಲೇ ಇಳಿಸಿ ಕೌದಿಯಲ್ಲಿ, ಅಂದರೆ ಹಳೆ ಸೀರೆ ಸೇರಿಸಿ ಹೊಲಿದ ದಪ್ಪ ಹೊದಿಕೆಯಲ್ಲಿ, ಸುತ್ತಿಡುತ್ತೇನೆ, ಅಷ್ಟೇ. ಅಷ್ಟೇ ಅಂತ ಈಗ ಹೇಳುತ್ತೇನೆ, ಆದರೆ ಇದು ಸರಿಹೋಗಲು ವರ್ಷದ ಮೇಲೆ ಹಿಡಿಯಿತು, ಅಲ್ಲಿವರೆಗೆ ಹುಬ್ಬಳ್ಳಿ ನವನಗರದ ನಮ್ಮ ಓಣಿಗೆಲ್ಲ ನಾನೇ ನಗೆಪಾಟಲು.

"ಕುಕ್ಕರಿಗೆ ಥಂಡಿ ಹತ್ತೇತೇನವಾ?" ಅಂತ ಅತ್ತೆ. "ಒಂದ್ ಗುಳಿಗಿ ಕೊಟ್ ಮಲಗಸ್ರಿ ವೈನಿ" ಅಂತ ಪಕ್ಕದ ಮನೆಯವರು. ನಮ್ಮ ಯಜಮಾನರು ಮಾತ್ರ ಏನೂ ಅನ್ನುತ್ತಿರಲಿಲ್ಲ, ಬೇಯದ ಬೇಳೆ ಬಾಯಿಗೆ ಸಿಕ್ಕಾಗ ತೆಗೆದು ಸುಮ್ನೆ ತಾಟಿನ ಅಂಚಿಗೆ ಸಾಲಾಗಿ ಇಡುತ್ತಿದ್ದರು. ನನಗೆ ಅದೇ ಜಾಸ್ತಿ ಉರಿಸುತ್ತಿತ್ತು.

ಬುಟ್ಟಿಗೆ ಹುಲ್ಲು ತುಂಬಿ, ಅದರಲ್ಲಿ ಬಿಸಿ ಪಾತ್ರೆ ಇಟ್ಟು, ಒಳಗಿನ ಬಿಸಿಯಲ್ಲೇ ಅಡಿಗೆ ಬೇಯಲು ಬಿಡುವ ಪದ್ಧತಿ ಒಂದಿದೆ. ನಾನೂ ಅಲ್ಲಿಂದಲೇ ಶುರು ಮಾಡಿದೆ. ಕಲಘಟಗಿ ಕಡೆಯ ಪರಿಚಯದವರು ಭತ್ತದ ಹುಲ್ಲು ತಂದುಕೊಟ್ಟರು. ಬಿದಿರಿನ ದೊಡ್ಡ ಬುಟ್ಟಿ ದುರ್ಗದಬೈಲಿನಲ್ಲಿ 250ರ ಸುಮಾರಿಗೆ ಸಿಕ್ಕಿತು. ಅನ್ನ ಮುಕ್ಕಾಲು ಬೆಂದಿತು, ಪರವಾಗಿಲ್ಲ ಅಂದುಕೊಂಡೆ. ಆದರೆ ಹುಲ್ಲು ಆವಿ ಕುಡಿದು ಮುಗ್ಗಲು ವಾಸನೆ ಶುರುವಾಯಿತು, ಸ್ವಲ್ಪ ದಿನಕ್ಕೆ ಇಲಿಯೂ ಬಂತು. ಹುಲ್ಲನ್ನು ಎಮ್ಮೆ ಕಟ್ಟಿದವರಿಗೆ ಕೊಟ್ಟೆ, ಬುಟ್ಟಿ ಉಳಿಯಿತು. ಆಮೇಲೆ ಔಷಧಿ ಅಂಗಡಿಯಿಂದ ಥರ್ಮಾಕೋಲ್ ಡಬ್ಬಿ ತಂದೆ. ಪುಕ್ಕಟೆ. ಬಿಸಿ ಕುಕ್ಕರ್ ತಾಗಿದ ಜಾಗದಲ್ಲಿ ಅದು ಮೆತ್ತಗಾಗಿ ಕುಳಿ ಬಿತ್ತು, ಮನೆ ತುಂಬ ಕೆಟ್ಟ ವಾಸನೆ, ಆ ದಿನದ ಅನ್ನವನ್ನೂ ಚೆಲ್ಲಿದೆ. ಅದನ್ನು ಯಾರೂ ಮಾಡಬೇಡಿ.

ಮೂರನೆಯದು ಕೌದಿ. ಅಟ್ಟದ ಮೇಲೆ ಬಿದ್ದಿದ್ದ ಹಳೆಯದನ್ನೇ ಬುಟ್ಟಿಯೊಳಗೆ ಹಾಸಿ ಸುತ್ತಿದೆ. ಅನ್ನ ಚೆನ್ನಾಗಿ ಆಯಿತು. ತೊಗರಿಬೇಳೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಒಂದು ತಾಸು ಇಟ್ಟರೂ ಅಷ್ಟೇ, ಎರಡು ತಾಸು ಇಟ್ಟರೂ ಅಷ್ಟೇ. ಸೋಡಾ ಚಿಟಿಕೆ ಹಾಕಿದೆ, ಎಣ್ಣೆ ಹಾಕಿದೆ, ನೆನೆಸಿದೆ. ಎಲ್ಲರೂ "ಬಿಟ್ಟುಬಿಡು" ಅಂದದ್ದು ಈ ಹಂತದಲ್ಲೇ. ಕಾರಣ ಎರಡು ಇದ್ದವು, ಎರಡೂ ಒಂದಕ್ಕೊಂದು ಸಿಕ್ಕುಬಿದ್ದಿದ್ದವು, ಅದಕ್ಕೇ ಇಷ್ಟು ತಡವಾಯಿತು.

ಮೊದಲನೆಯದು ಬೇಳೆ. ಒಂದು ಕಡೆ ಅಗ್ಗಕ್ಕೆ ಸಿಕ್ಕ 10 ಕೆಜಿ ಮಾಲು ಅದು, ಎಷ್ಟು ವರ್ಷದ ಹಳೆಯದೋ. ಅರ್ಧ ಕೆಜಿ ಹೊಸ ಕಲಬುರಗಿ ಬೇಳೆ ತಂದು ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಒಂದೇ ಕುಕ್ಕರಿನಲ್ಲಿಟ್ಟು ನೋಡಿದೆ. ಹೊಸದು ಬೆಂದಿತು. ಹಳೆಯದು ಒಲೆಯ ಮೇಲೆ ಏಳೆಂಟು ಸೀಟಿ ಹೊಡೆಸಿದರೂ ಕಲ್ಲಿನಂತೆ ಕೂತಿತ್ತು. ಅಗ್ಗದ ಬೇಳೆಯಲ್ಲಿ ಉಳಿದ ದುಡ್ಡು ಗ್ಯಾಸಿಗೆ ಹೋಗುತ್ತಿತ್ತು ಅಲ್ವಾ? ಈಗ ಬೇಳೆಗೆ ಕೆಜಿಗೆ ಹತ್ತಿಪ್ಪತ್ತು ಜಾಸ್ತಿ ಕೊಡುತ್ತೇನೆ, ಬೇಜಾರಿಲ್ಲ.

ಎರಡನೆಯದು ತಳ. ಮೇಲೆ, ಸುತ್ತಲೂ ಎಷ್ಟು ಹೊದಿಸಿದರೂ ಕೆಳಗೆ ಒಂದೇ ಪದರ ಇತ್ತು. ಒಂದು ಸಲ ಬುಟ್ಟಿ ಎತ್ತಿ ಕೈಯಿಟ್ಟರೆ ಅಡಿಗೆ ಕಟ್ಟೆಯ ಕಲ್ಲು ಬೆಚ್ಚಗಿತ್ತು! ನನ್ನ ಗ್ಯಾಸಿನ ದುಡ್ಡು ಕಟ್ಟೆ ಕಾಯಿಸುತ್ತಿತ್ತು. ಅವತ್ತೇ ಹೊಸ ಕೌದಿ ಹೊಲಿಸಬೇಕು ಅಂತ ನಿಶ್ಚಯ ಮಾಡಿದೆ. ಹಳೆ ಗಾದಿಯ ಅರಳೆ ಹಿಂಜಿಸಿ, ನಾಲ್ಕು ಹಳೆ ಸೀರೆಯ ನಡುವೆ ತುಂಬಿ, ಪರಿಚಯದ ಅಜ್ಜಿ ಒಬ್ಬರಿಂದ ದಪ್ಪ ದುಂಡು ಕೌದಿ ಹೊಲಿಸಿದೆ. ಹಿಂಜುವ ಕೂಲಿ, ಹೊಲಿಗೆ ಸೇರಿ 400ರ ಆಸುಪಾಸು. ತಳಕ್ಕೆ ಬೇರೆಯದೇ ಒಂದು ವಸ್ತು ಇಡುತ್ತೇನೆ. ಏನು ಅಂತ ಹೇಳುವುದಿಲ್ಲ, ಓಣಿಯವರಿಗೂ ಹೇಳಿಲ್ಲ. ಪ್ರತಿ ಮನೆಯಲ್ಲೂ ಬೇಡವಾಗಿ ಬಿದ್ದಿರುವಂಥದ್ದೇ, ಹುಡುಕಿಕೊಳ್ಳಿ.

ಈಗ ಮಾಡುವ ರೀತಿ ಹೀಗೆ. ಅನ್ನಕ್ಕೆ ಯಾವಾಗಲೂ ಹಾಕುವುದಕ್ಕಿಂತ ನೀರು ಸ್ವಲ್ಪ ಕಡಿಮೆ, ಒಂದು ಸೀಟಿ, ಇಳಿಸಿ ಸುತ್ತಿ ಮುಕ್ಕಾಲು ತಾಸು. ಬೇಳೆ ಅರ್ಧ ತಾಸು ನೆನೆಸಿ ಒಂದೆರಡು ಸೀಟಿ, ಆಮೇಲೆ ಒಂದು ತಾಸು. ಹುಣಸೆ, ಟೊಮೆಟೊ ಬೆಂದ ಮೇಲೆಯೇ, ಮೊದಲೇ ಹಾಕಿದರೆ ಬೇಳೆ ಬಿಗಿಯುತ್ತದೆ. ಮೊಳಕೆ ಬಂದ ಮಡಿಕೆಕಾಳು, ಹೆಸರುಕಾಳು ಸಲೀಸು. ಕಡಲೆಕಾಳಿಗೆ ಮೂರು ಸೀಟಿ, ಎರಡು ತಾಸು. ಒಲೆಯಿಂದ ಇಳಿಸಿ ಸುತ್ತುವುದರೊಳಗೆ ಫೋನ್ ಬಂದರೆ ಎತ್ತಬೇಡಿ, ಆ ಅರ್ಧ ನಿಮಿಷದಲ್ಲೇ ಇರುವುದು ಎಲ್ಲ. ಕುಕ್ಕರ್ ಅರ್ಧವಾದರೂ ತುಂಬಿರಬೇಕು, ಇಬ್ಬರಿಗೆ ಒಂದು ಹಿಡಿ ಅಕ್ಕಿ ಇಟ್ಟರೆ ಬಿಸಿ ನಿಲ್ಲುವುದಿಲ್ಲ. ರಾತ್ರಿಯಿಡೀ ಇಡುವುದು ಬೇಡ, ಬೆಚ್ಚಗೆ ಕೂತ ಅನ್ನ ಬೆಳಗಿಗೆ ಹಳಸಿರುತ್ತದೆ. ರಾಜ್ಮಾವನ್ನಂತೂ ಇದರಲ್ಲಿ ಇಡಲೇಬೇಡಿ. ಅದನ್ನು ನೆನೆಸಿ, ಆ ನೀರು ಚೆಲ್ಲಿ, ಒಲೆಯ ಮೇಲೆ ಪೂರ್ತಿ ಬೇಯಿಸಬೇಕು, ಅರೆಬೆಂದ ರಾಜ್ಮಾ ತಿಂದರೆ ವಾಂತಿ ಭೇದಿ ಗ್ಯಾರಂಟಿ.

ಅತ್ತೆ ಒಪ್ಪಿದ್ದು ಯುಗಾದಿಗೆ. ಹೋಳಿಗೆಯ ಕಡಲೆಬೇಳೆ ಬೆರಳಲ್ಲಿ ಹಿಚುಕಿದರೆ ಹಿಟ್ಟಾಗಬೇಕು, ಆದರೆ ಕಟ್ಟಿನಲ್ಲಿ ಕರಗಿರಬಾರದು, ಇಲ್ಲದಿದ್ದರೆ ಹೂರಣ ನೀರು. ಕುಕ್ಕರಿನಲ್ಲಿ ಮಾಡಿದರೆ ನೊರೆ ಉಕ್ಕಿ ಸೀಟಿ ಕಟ್ಟುತ್ತದೆ ಅಂತ ದಪ್ಪ ಪಾತೇಲಿಯಲ್ಲಿ ಹತ್ತು ನಿಮಿಷ ಕುದಿಸಿ ಕೌದಿಗೆ ಹಾಕಿದೆ. ಕಟ್ಟಿನ ಸಾರಿಗಾಗಿ ನೀರು ಜಾಸ್ತಿ ಇಟ್ಟಿರುತ್ತೇವಲ್ಲ, ಅಷ್ಟು ನೀರು ಇದ್ದರೆ ಬಿಸಿ ಬಹಳ ಹೊತ್ತು ಹಿಡಿಯುತ್ತದೆ. ಒಂದೂವರೆ ತಾಸಿಗೆ ತೆಗೆದರೆ ಒಂದೊಂದು ಬೇಳೆಯೂ ಇಡಿಯಾಗಿತ್ತು, ಒಳಗೆ ಬೆಣ್ಣೆ. ಅತ್ತೆ ಹಿಚುಕಿ ನೋಡಿದರು. "ಬ್ಯಾಳಿ ಛಲೋ ಬೆಂದಾವ. ಎಷ್ಟೊತ್ತು ಕುದಿಸಿದಿ?" "ಹತ್ತ ಮಿನಿಟ್ ರೀ ಅತ್ತಿ." ಆಮೇಲೆ ಥಂಡಿಯ ಮಾತು ಬರಲಿಲ್ಲ. ಗುಳಿಗೆ ಕೊಡಿ ಅಂದಿದ್ದ ಪಕ್ಕದವರು ಈಗ ಅದೇ ಅಜ್ಜಿಯಿಂದ ಕೌದಿ ಹೊಲಿಸಿಕೊಂಡಿದ್ದಾರೆ, ತಳದ ಗುಟ್ಟು ಕೇಳುತ್ತಲೇ ಇದ್ದಾರೆ.

ದುಡ್ಡಿನ ವಿಷಯ. ತಮ್ಮನ ಕಿರಾಣಿ ಅಂಗಡಿಯಿಂದ ಕಾಟಾ ತಂದು ಸಿಲಿಂಡರನ್ನು ಆಗಾಗ ತೂಗಿದೆ. 14.2 ಕೆಜಿ ಗ್ಯಾಸಿನಲ್ಲಿ ಮೊದಲು ದಿನಕ್ಕೆ 450 ಗ್ರಾಂ ಹತ್ತಿರ ಹೋಗುತ್ತಿತ್ತು, ಈಗ 320ರ ಸುಮಾರು. ವರ್ಷಕ್ಕೆ 11-12 ಸಿಲಿಂಡರ್ ಬೇಕಾಗುತ್ತಿತ್ತು, ಈಗ 8ರಲ್ಲಿ ಮುಗಿಯುತ್ತದೆ. ಆಗ ಸಿಲಿಂಡರಿಗಿದ್ದ ಎಂಟುನೂರು ಚಿಲ್ಲರೆ ಹಿಡಿದರೂ 3,000 ಉಳಿಯಿತು ನೋಡಿ. ಕಾಟಾ ಮನೆಯಲ್ಲಿದ್ದದ್ದರಿಂದ ಇನ್ನೊಂದು ಲಾಭ ಆಯಿತು. ಒಂದು ಸಲ ಬಂದ ಸಿಲಿಂಡರ್ ಕೆಜಿಯಷ್ಟು ಕಡಿಮೆ ತೂಗಿತು, ವಾಪಸ್ ಕಳಿಸಿದೆ. ಖಾಲಿ ತೂಕ ಅದರ ಮೇಲೆಯೇ ಬರೆದಿರುತ್ತದೆ, ತಂದವರ ಎದುರೇ ತೂಗಿಸಿ.

ನಡುವೆ ಕರೆಂಟಿನ ಇಂಡಕ್ಷನ್ ಒಲೆ ಕೂಡ ಮಾಡಿ ನೋಡಿದೆ, ಕರೆಂಟ್ ಪುಕ್ಕಟೆ ತಾನೇ ಅಂತ. ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ನಮ್ಮ ಹಳೆ ಸರಾಸರಿಯ ಮೇಲೆ ಕಟ್ಟಿದ ಮಿತಿ ಇದೆ, ದಾಟಿದ ಯೂನಿಟ್ಟಿಗೆ ದುಡ್ಡು, 200 ದಾಟಿದರಂತೂ ಪೂರ್ತಿ ಬಿಲ್ ನಮ್ಮದೇ. ಎರಡು ಬಿಲ್ ನೋಡಿ ಆ ಇಂಡಕ್ಷನ್ ಒಲೆಯನ್ನು ಕಟ್ಟಿಟ್ಟೆ. ಈಗ ಗ್ಯಾಸ್ ಮುಗಿದ ರಾತ್ರಿಗೆ ಮಾತ್ರ.

ಕೌದಿಯಿಂದ ಮೊಸರಿನದೂ ಸರಿಹೋಯಿತು. ಚಳಿಗಾಲದಲ್ಲಿ ನಮ್ಮಲ್ಲಿ ಹೆಪ್ಪು ಹತ್ತುವುದೇ ಕಷ್ಟ, ಹಾಲು ಉಗುರುಬೆಚ್ಚಗೆ ಇದ್ದಾಗ ಹೆಪ್ಪಿಟ್ಟು ಬುಟ್ಟಿಯಲ್ಲಿಟ್ಟರೆ ಬೆಳಗಿಗೆ ಗಡ್ಡೆ. ಪ್ಯಾಕೆಟ್ ಮೊಸರು ತರುವುದು ನಿಂತಿತು.

ಗ್ಯಾಸಿನದಲ್ಲದ ಇನ್ನೊಂದು ಉಳಿತಾಯ ಖಾರದಪುಡಿಯದು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ ಆದ ಮೇಲೆ ಸುಗ್ಗಿಯಲ್ಲಿ ಬ್ಯಾಡಗಿಗೇ ಹೋಗಿ ವರ್ಷದ ಮೆಣಸಿನಕಾಯಿ ತರುತ್ತೇನೆ. ಸೋಮವಾರ, ಗುರುವಾರ ಅಲ್ಲಿ ಟೆಂಡರ್, ಅದು ವ್ಯಾಪಾರಿಗಳದು. ನಮ್ಮಂಥವರಿಗೆ ನಾಲ್ಕೈದು ಕೆಜಿ ಚೊಕ್ಕ ಮಾಲು ಕೊಡುವ ಅಂಗಡಿ ಒಂದಿದೆ. ಅದನ್ನೂ ಹೇಳುವುದಿಲ್ಲ. ಬಣ್ಣಕ್ಕೆ ಡಬ್ಬಿ ಅನ್ನುವ ಜಾತಿಯ ಮೆಣಸಿನಕಾಯಿ, ಜೊತೆಗೆ ಸ್ವಲ್ಪ ಕಡ್ಡಿ ಅನ್ನುವ ಜಾತಿಯದು, ಎರಡು ಬಿಸಿಲು ಕೊಟ್ಟು ಗಿರಣಿಗೆ.

ಗ್ಯಾಸ್ ಉಳಿಸುವುದರಲ್ಲಿ ಸೋತದ್ದು ರೊಟ್ಟಿಯಲ್ಲಿ. ಈಗ ದಿನಕ್ಕೆ ಹೋಗುವ 320 ಗ್ರಾಂನಲ್ಲಿ ಅರ್ಧ ಜೋಳದ ರೊಟ್ಟಿಯದೇ ಅಂತ ನನ್ನ ಅಂದಾಜು, ಅದಕ್ಕೆ ಕೌದಿ ಏನು ಮಾಡೀತು? ಸದ್ಯಕ್ಕೆ ವಾರಕ್ಕೆ ಎರಡು ದಿನ ಕೂತು ಕಟಕ ರೊಟ್ಟಿ (ಗರಿಗರಿ ಒಣ ರೊಟ್ಟಿ) ಬಡಿದಿಡುತ್ತೇನೆ, ಹಂಚು ಒಮ್ಮೆ ಕಾದರೆ ಅದೇ ಕಾವಿಗೆ ಮೂವತ್ತು ರೊಟ್ಟಿ ಆಗುತ್ತವೆ. ಅತ್ತೆಗೆ ಮಾತ್ರ ಬಿಸಿ ರೊಟ್ಟಿಯೇ ಬೇಕು, ಅವರಿಗೆ ದಿನಾ ಎರಡು ಬೇರೆ ಬಡಿಯುತ್ತೇನೆ.