ವಾದ್ಯಕ್ಕೆ ಹೊರದೇಶದ ಮರ ತರಿಸುವ ಮುನ್ನ

ಮೈಸೂರು, ಮಂಡ್ಯದಲ್ಲಿ ವೀಣೆ, ಪಿಟೀಲು, ಗಿಟಾರ್ ಮಾಡುವವರ ಮರ ಬಂದರಿನಲ್ಲಿ ನಿಂತುಹೋಗುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಬಿಲ್ಲಿನಲ್ಲಿ ಮರದ ಹೆಸರು ಸರಿಯಿಲ್ಲ, ಇಲ್ಲವೇ ಅದರ ರೂಪ (ಹಲಗೆಯೋ, ಸಿದ್ಧ ವಸ್ತುವೋ) ಸರಿಯಾಗಿ ಬರೆದಿಲ್ಲ. ಹಣ ಕಳಿಸುವ ಮೊದಲೇ ಇವೆರಡನ್ನೂ ಇತ್ಯರ್ಥ ಮಾಡಿಕೊಳ್ಳಿ.

ಬರೀ ‘ರೋಸ್‌ವುಡ್’ ಸಾಲದು, ವೈಜ್ಞಾನಿಕ ಹೆಸರು ಬೇಕು. ನಮ್ಮ ಬೀಟೆಯೂ ಸೇರಿದಂತೆ ಡಾಲ್ಬರ್ಜಿಯ ಕುಲ ಪೂರ್ತಿ 2017ರ ಜನವರಿ 2ರಿಂದ ಸೈಟಿಸ್ ಒಪ್ಪಂದದ (ಅಳಿವಿನ ಭಯವಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದ) ಪಟ್ಟಿಯಲ್ಲಿದೆ. ಬಹುತೇಕ ಜಾತಿಗಳು ಅನುಬಂಧ 2ರಲ್ಲಿವೆ, ಅಂದರೆ ಪರ್ಮಿಟ್ ಇದ್ದರೆ ತರಿಸಬಹುದು. ಬ್ರೆಜಿಲಿನ ಡಾಲ್ಬರ್ಜಿಯ ನೈಗ್ರ ಮಾತ್ರ 1992ರಿಂದ ಅನುಬಂಧ 1ರಲ್ಲಿದೆ; ಆ ಬಳಿಕ ಕಾಡಿನಿಂದ ಕಡಿದ ಆ ಮರವನ್ನು ವ್ಯಾಪಾರಕ್ಕೆ ತರಿಸುವ ದಾರಿಯೇ ಇಲ್ಲ, ಆ ಆಸೆ ಬಿಟ್ಟುಬಿಡಿ. ಪಿಟೀಲಿನ ಕಮಾನಿಗೆ ಬಳಸುವ ಪೆರ್ನಾಂಬುಕೊ, ಮಡಗಾಸ್ಕರಿನ ಎಬೊನಿ ಎರಡೂ ಅನುಬಂಧ 2ರವು. ಮೇಪಲ್, ಸ್ಪ್ರೂಸ್ ಪಟ್ಟಿಯಲ್ಲಿಲ್ಲ. ಅವಕ್ಕೆ ಸಸ್ಯ ಸಂಗರೋಧದ (ಹುಳು, ರೋಗ ಒಳಬರದಂತೆ ನೋಡುವ ತಪಾಸಣೆ) ಕಾಗದ ಸಾಕು.

ರೂಪದ ವಿಷಯದಲ್ಲೇ ಹೆಚ್ಚು ಜನ ಎಡವುತ್ತಾರೆ. 2019ರ ನವೆಂಬರ್ 26ರಿಂದ ಅನುಬಂಧ 2ರ ಡಾಲ್ಬರ್ಜಿಯದಲ್ಲಿ ಮಾಡಿ ಮುಗಿಸಿದ ವಾದ್ಯ, ಅದರ ಸಿದ್ಧ ಭಾಗ ಮತ್ತು ಪರಿಕರಗಳಿಗೆ ಪರ್ಮಿಟ್ ಬೇಕಿಲ್ಲ. ಸಿದ್ಧ ಭಾಗ ಎಂದರೆ ತಂದ ಹಾಗೆಯೇ ಕೂರಿಸಬಹುದಾದ ಬಿರಡೆ, ತಂತಿ ಹೊರುವ ಕುದುರೆಯಂಥವು. ಸೀಳಿ ಚೌಕ ಮಾಡಿದ ತುಂಡು ಈ ವಿನಾಯಿತಿಗೆ ಬರುವುದಿಲ್ಲ, ಅದನ್ನು ಮುಂದೆ ಗಿಟಾರಿಗೇ ಬಳಸಿದರೂ ಅಷ್ಟೆ. ‘ಹತ್ತು ಕಿಲೋ ತನಕ ಪರವಾಗಿಲ್ಲ’ ಎಂಬ ಮಾತು ಕೇಳಿಬರುತ್ತದೆ. ಅದು ಸಿದ್ಧ ವಸ್ತುಗಳಿಗೆ, ಒಂದು ಸಾಗಣೆಯಲ್ಲಿರುವ ಆ ಮರದ ತೂಕಕ್ಕೆ ಹಾಕಿದ ಮಿತಿ, ಹಲಗೆಗೆ ಅನ್ವಯಿಸದು. ಹಲಗೆಯನ್ನು ಕಸ್ಟಮ್ಸ್ ಸರಕು ಸಂಕೇತ 9209ರಡಿ ‘ವಾದ್ಯದ ಬಿಡಿಭಾಗ’ ಎಂದು ಬರೆಸಬೇಡಿ, ಪೆಟ್ಟಿಗೆ ತೆರೆದೊಡನೆ ಗೊತ್ತಾಗುತ್ತದೆ. ಸೀಳಿದ ಮರ 6 ಮಿ.ಮೀ.ಗಿಂತ ದಪ್ಪವಿದ್ದರೆ 4407, ಅದಕ್ಕಿಂತ ತೆಳುವಿದ್ದರೆ 4408.

ಮೊದಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ (ಡಿಜಿಎಫ್‌ಟಿ) ಆಮದು–ರಫ್ತು ಕೋಡ್ ಪಡೆಯಿರಿ. ಮಾರುವವರಿಂದ ಸೈಟಿಸ್ ರಫ್ತು ಪರ್ಮಿಟ್ಟಿನ ಪ್ರತಿ ತರಿಸಿ ಜಾತಿ, ಮೂಲ ದೇಶ, ಪ್ರಮಾಣ, ಅವಧಿ ಎಲ್ಲವನ್ನೂ ನೋಡಿ. ರಫ್ತು ಪರ್ಮಿಟ್ ಹೆಚ್ಚೆಂದರೆ ಆರು ತಿಂಗಳು ನಡೆಯುತ್ತದೆ. ಮರ ಬೆಳೆದದ್ದು ಒಂದು ದೇಶ, ಕಳಿಸುವುದು ಇನ್ನೊಂದು ದೇಶವಾದರೆ ಮರುರಫ್ತು ಪ್ರಮಾಣಪತ್ರ ಬೇಕು, ಅದರಲ್ಲಿ ಮೂಲ ದೇಶದ ಪರ್ಮಿಟ್ ಸಂಖ್ಯೆಯೂ ಇರಬೇಕು. ‘ಮರ ಹೊರಡಲಿ, ಪರ್ಮಿಟ್ ಆಮೇಲೆ’ ಎನ್ನುವವರ ಹತ್ತಿರ ಕೊಳ್ಳಬೇಡಿ. ಆಮೇಲೆ ಮಾಡಿಸಿದ ಪರ್ಮಿಟ್ ಸಾಮಾನ್ಯವಾಗಿ ಒಪ್ಪಿಗೆಯಾಗದು.

ಪ್ರಮಾಣ ಬರುವುದು ಘನ ಮೀಟರಿನಲ್ಲಿ. 520 × 75 × 9 ಮಿ.ಮೀ. ಅಳತೆಯ ಒಂದು ತುಂಡು 0.000351 ಘನ ಮೀಟರ್. ಅಂಥ 40 ತುಂಡು 0.01404. ಮಾರುವವರು ಉಡುಗೊರೆಯೆಂದು ನಾಲ್ಕು ತುಂಡು ಹೆಚ್ಚಿಗೆ ಹಾಕಿದರೆ ಪರ್ಮಿಟ್ಟಿಗೂ ಸರಕಿಗೂ ತಾಳೆಯಾಗುವುದಿಲ್ಲ. ಬೇಡವೆಂದು ಮೊದಲೇ ಬರೆದು ಹೇಳಿ.

ಮರ ಹೊರಡುವ ಮೊದಲೇ ಸಸ್ಯ ಸಂಗರೋಧದ ಆಮದು ಪರ್ಮಿಟ್ ಕೈಯಲ್ಲಿರಲಿ. ಕಳಿಸುವ ದೇಶದ ಸಸ್ಯಾರೋಗ್ಯ ಪ್ರಮಾಣಪತ್ರದಲ್ಲಿ ಮರಕ್ಕೆ ಮಾಡಿದ ಸಂಸ್ಕರಣೆಯ ವಿವರ ಇರಬೇಕು. ಒಂದು ಚೂರು ತೊಗಟೆಯೂ ಉಳಿಯಬಾರದು, ಹುಳು ಅಡಗುವುದು ಅಲ್ಲೇ. ಪೆಟ್ಟಿಗೆ, ಪ್ಯಾಲೆಟ್ ಪ್ಲೈವುಡ್ಡಿನದಲ್ಲದೆ ಬರೀ ಮರದ್ದಾದರೆ ಅದಕ್ಕೆ ಐಎಸ್‌ಪಿಎಂ 15ರ (ಪ್ಯಾಕಿಂಗ್ ಮರದಲ್ಲಿ ಹುಳು ಬಾರದಂತೆ ಮಾಡಿದ ಅಂತರರಾಷ್ಟ್ರೀಯ ನಿಯಮ) ಮುದ್ರೆ ಬೇಕು.

ಅಂಚೆ ಪಾರ್ಸೆಲ್ಲಿನಲ್ಲಿ ತರಿಸಬೇಡಿ. ಇಂಥ ಮರ ನಿಗದಿತ ಬಂದರುಗಳ ಮೂಲಕವೇ ಒಳಬರಬೇಕು. ನಮ್ಮ ಕಡೆಯವರಿಗೆ ಚೆನ್ನೈ ಅನುಕೂಲ. ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೊದ ದಕ್ಷಿಣ ವಲಯದ ಕಚೇರಿ ಅಲ್ಲಿದೆ. ಸೈಟಿಸ್ ಸರಕು ಬಿಡಿಸಿ ರೂಢಿಯಿರುವ ಕಸ್ಟಮ್ಸ್ ಬ್ರೋಕರನ್ನೇ ಹಿಡಿಯಿರಿ. ಮೂಲ ಪರ್ಮಿಟ್ ಸರಕಿಗಿಂತ ಮೊದಲು ಅವರ ಕೈ ಸೇರಲಿ, ಜೆರಾಕ್ಸ್ ನಡೆಯದು. ತಡವಾದಷ್ಟೂ ಗೋದಾಮಿನ ಬಾಡಿಗೆ ಏರುತ್ತದೆ, ಸಣ್ಣ ಸರಕಿನಲ್ಲಿ ಅದು ಮರದ ಬೆಲೆಯನ್ನೇ ಮೀರಬಹುದು.

ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸೈಟಿಸ್ ಪಟ್ಟಿಯ ಜಾತಿಗಳು ಈಗ ಅದರ ನಾಲ್ಕನೇ ಅನುಸೂಚಿಯಲ್ಲಿವೆ. ಆದ್ದರಿಂದ ಅಂಗಡಿಗೆ ಬಂದ ಪ್ರತಿ ತುಂಡಿನ ಮೇಲೂ ಪರ್ಮಿಟ್ ಸಂಖ್ಯೆ ಬರೆದು, ಯಾವ ವಾದ್ಯಕ್ಕೆ ಎಷ್ಟು ಹೋಯಿತೆಂದು ಪುಸ್ತಕದಲ್ಲಿ ದಾಖಲಿಸಿ. ಉಳಿದ ಚೂರನ್ನು ಬೇರೆಯವರಿಗೆ ಮಾರಿದರೆ ಕಾಗದಗಳ ಪ್ರತಿಯನ್ನೂ ಜೊತೆಗೆ ಕೊಡಿ.