ಪಂಪ್ ಬೇಡ, ಅಬ್ಬಿ ನೀರೇ ಸಾಕು: ಹತ್ತು ಮನೆಗೆ ಹಂಚುವುದು ಹೇಗೆ?

ಶಿರಸಿ, ಸಿದ್ದಾಪುರದ ಕಡೆ ಗುಡ್ಡದ ಒರತೆ ನೀರನ್ನು ಅಡಿಕೆ ದಬ್ಬೆಯಲ್ಲಿ (ಸೀಳಿದ ಅಡಿಕೆ ಮರದ ಕಾಂಡದಲ್ಲಿ) ಅಂಗಳಕ್ಕೆ ತರುತ್ತಿದ್ದರು. ಇದೇ ಅಬ್ಬಿ ನೀರು. ಈಗ ದಬ್ಬೆ ಹೋಗಿ ಪೈಪ್ ಬಂದಿದೆ. ಕರೆಂಟ್ ಇಲ್ಲದಿದ್ದರೂ ನೀರು ಬರುತ್ತದೆ. ಆದರೆ ಹತ್ತು ಮನೆಗೆ ಒಂದೇ ಲೈನ್ ಎಂದರೆ ಲೆಕ್ಕ ಸರಿ ಇರಲೇಬೇಕು.

ಮೊದಲು ನೀರು ಅಳೆಯಿರಿ, ಅದೂ ಮೇ ತಿಂಗಳಲ್ಲಿ. ಮಳೆಗಾಲದ ಅಳತೆ ನಂಬಿದರೆ ಬೇಸಿಗೆಯಲ್ಲಿ ಜಗಳ ಖಂಡಿತ. 20 ಲೀಟರ್ ಬಕೆಟ್ ತುಂಬಲು 2 ನಿಮಿಷ ಬೇಕಾದರೆ ಗಂಟೆಗೆ 600 ಲೀಟರ್, ದಿನಕ್ಕೆ 14,400. ಜಲ ಜೀವನ್ ಮಿಷನ್ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್. 50 ಜನಕ್ಕೆ 2,750 ಆಯಿತು. 20 ದನಗಳಿಗೆ ತಲಾ 60 ಹಿಡಿದರೆ ಇನ್ನೂ 1,200. ಉಳಿದದ್ದು ಹಳ್ಳಕ್ಕೇ ಹರಿಯಲಿ. ಕೆಳಗಿನವರಿಗೂ ಬೇಕಲ್ವಾ? ಒರತೆ ಕಾಡಿನೊಳಗಿದ್ದರೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ.

ಒರತೆಯ ಬಾಯಿಯನ್ನು ಅಗೆದು ದೊಡ್ಡದು ಮಾಡಬೇಡಿ. ಸುತ್ತ ಕಲ್ಲು, ಸಿಮೆಂಟಿನ ಸಣ್ಣ ತೊಟ್ಟಿ ಕಟ್ಟಿ, ಮೇಲೆ ಮುಚ್ಚಳ ಹಾಕಿ. ಹೆಚ್ಚಾದ ನೀರು ಹೊರಹೋಗುವ ಪೈಪ್ ಒರತೆ ಹೊರಬರುವ ಮಟ್ಟಕ್ಕಿಂತ ಕೆಳಗೇ ಇರಬೇಕು. ತೊಟ್ಟಿಯಲ್ಲಿ ನೀರು ಅದಕ್ಕಿಂತ ಮೇಲೇರಿ ನಿಂತರೆ ಒರತೆ ಬೇರೆ ದಾರಿ ಹುಡುಕಿಕೊಳ್ಳುತ್ತದೆ. ಒಮ್ಮೆ ಹೋದರೆ ವಾಪಸ್ ತರುವುದು ಬಹಳ ಕಷ್ಟ. ಮನೆಗೆ ಹೋಗುವ ಪೈಪಿನ ಬಾಯಿ ತಳದಿಂದ ಅರ್ಧ ಅಡಿ ಮೇಲಿರಲಿ, ಜಾಲರಿ ಇರಲಿ.

ಎತ್ತರ ನೋಡಲು ಮೇಸ್ತ್ರಿಗಳ ನೀರು ತುಂಬಿದ ಟ್ಯೂಬ್ ಸಾಕು. 10 ಮೀಟರ್ ಇಳಿಜಾರಿಗೆ (ಪೈಪಿನ ಉದ್ದವಲ್ಲ, ಎತ್ತರದ ವ್ಯತ್ಯಾಸ) ಚದರ ಸೆಂ.ಮೀ.ಗೆ ಸುಮಾರು 1 ಕೆಜಿ ಒತ್ತಡ. ಇಳಿಜಾರು 60 ಮೀಟರ್ ಹತ್ತಿರ ಬಂದರೆ 6 ಕೆಜಿ ಒತ್ತಡ ತಾಳುವ ಪೈಪ್ ಸಾಲದು. ಮಧ್ಯೆ ತೆರೆದ ತೊಟ್ಟಿ ಕಟ್ಟಿ ಒತ್ತಡ ಮುರಿಯಿರಿ.

ರಾತ್ರಿಯ ಎಂಟು ತಾಸಿನಲ್ಲಿ 4,800 ಲೀಟರ್ ಬರುತ್ತದೆ, ಹಾಗಾಗಿ 5,000 ಲೀಟರ್ ಟ್ಯಾಂಕ್ ಇಡಿ. ಜಾಗ ಎಲ್ಲಕ್ಕಿಂತ ಮೇಲಿನ ಮನೆಗಿಂತಲೂ ಎತ್ತರದಲ್ಲಿರಲಿ. 600 ಮೀಟರ್ ದೂರ, 20 ಮೀಟರ್ ಇಳಿಜಾರು ಇದ್ದರೆ ಒರತೆಯಿಂದ ಟ್ಯಾಂಕಿಗೆ 32 ಎಂಎಂ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪ್ ಧಾರಾಳ. ಟ್ಯಾಂಕಿನಿಂದ ಊರಿಗೆ ಮಾತ್ರ ಇದಕ್ಕಿಂತ ದಪ್ಪದ್ದೇ ಬೇಕು, ಬೆಳಿಗ್ಗೆ ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸುತ್ತಾರೆ. ಪೈಪ್ ದಿಬ್ಬ ಹತ್ತಿ ಇಳಿಯುವ ಕಡೆ ಗಾಳಿ ಸಿಕ್ಕಿಕೊಂಡು ನೀರೇ ನಿಲ್ಲುತ್ತದೆ. ಅಲ್ಲಿ ಏರ್ ವಾಲ್ವ್, ತಗ್ಗಿನಲ್ಲಿ ಕೆಸರು ತೆಗೆಯುವ ವಾಲ್ವ್ ಹಾಕಿ. ಕುಡಿಯುವ ನೀರಿಗೆ 1,000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್ ಕರಗಿಸಿ ಬಿಟ್ಟು, ಅರ್ಧ ಗಂಟೆ ಕಾಯಿರಿ.

ಕೊನೆಗೆ ಹಂಚಿಕೆ. ಪ್ರತಿ ಮನೆಯ ಕವಲಿಗೂ ಹರಿವು ಹೊಂದಿಸುವ ಗ್ಲೋಬ್ ವಾಲ್ವ್ ಬೇಕು. ಹತ್ತೂ ನಲ್ಲಿ ಒಟ್ಟಿಗೆ ತೆರೆಯಿರಿ. ತಗ್ಗಿನ ಮನೆಯಲ್ಲಿ ರಭಸ ಜಾಸ್ತಿ, ಮೇಲಿನ ಮನೆಯಲ್ಲಿ ಬರೀ ಹನಿ ಇರುತ್ತದೆ. ತಗ್ಗಿನ ಮನೆಯಿಂದಲೇ ಶುರು ಮಾಡಿ ಒಂದೊಂದೇ ವಾಲ್ವ್ ಬಿಗಿ ಮಾಡುತ್ತಾ ಬನ್ನಿ. ಎಲ್ಲ ಮನೆಯ ಬಕೆಟ್ಟೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತುಂಬಿದರೆ, ಎಲ್ಲರೆದುರು ವಾಲ್ವಿನ ಹಿಡಿ ಬಿಚ್ಚಿ ತೆಗೆದಿಡಿ.