ಇವಿ ಚಾರ್ಜರ್‌ಗೆ ಅರ್ಜಿ ಬಂದಾಗ ಮೊದಲು ನೋಡಬೇಕಾದ್ದು

ಅಪಾರ್ಟ್‌ಮೆಂಟಿನಲ್ಲಿ ಯಾರಾದರೂ ಇವಿ (ವಿದ್ಯುತ್ ವಾಹನ) ಚಾರ್ಜರ್ ಹಾಕಿಸ್ತೀವಿ ಅಂದ ಕೂಡಲೇ ಸಂಘದವರು ಹೂಂ ಅಥವಾ ಉಹೂಂ ಅನ್ನಬೇಡಿ. ಕಟ್ಟಡಕ್ಕೆ ಮಂಜೂರಾದ ಲೋಡ್ (ವಿದ್ಯುತ್ ಕಂಪನಿ ಒಪ್ಪಿರುವ ಗರಿಷ್ಠ ಬಳಕೆ) ಎಷ್ಟು, ರಾತ್ರಿ ಅದರಲ್ಲಿ ಎಷ್ಟು ಉಳಿಯುತ್ತದೆ ಅಂತ ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ. ಒಂದು 7.4 ಕಿಲೋವಾಟ್ ಚಾರ್ಜರ್ ಸುಮಾರು 32 ಆಂಪಿಯರ್ ಎಳೆಯುತ್ತದೆ. ಹತ್ತು ಮನೆಯವರು ಒಟ್ಟಿಗೆ ಹಾಕಿದರೆ 74 ಕಿಲೋವಾಟ್! ಹಾಗಾಗಿ ತಾವೇ ಲೋಡ್ ಹಂಚಿಕೊಳ್ಳುವ ಚಾರ್ಜರ್‌ಗಳನ್ನೇ ಕಡ್ಡಾಯ ಮಾಡಿ. ನನ್ನ ಪ್ರಕಾರ ಹೆಚ್ಚಿನವರಿಗೆ 3.3 ಕಿಲೋವಾಟ್ ಧಾರಾಳ ಸಾಕು, ಎಂಟು ಗಂಟೆಗೆ 26 ಯೂನಿಟ್ ಸಿಗುತ್ತದೆ.

ಪ್ರತಿ ಚಾರ್ಜರಿಗೂ ಬೇರೆ ಮೀಟರ್, ಬೇರೆ ಎಂಸಿಬಿ (ಲೋಡ್ ಮೀರಿದರೆ ಕರೆಂಟ್ ಕಡಿಯುವ ಸ್ವಿಚ್), ಆರ್‌ಸಿಡಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಇರಲೇಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು ಚಾರ್ಜ್ ಮಾಡುವವರನ್ನು ಮುಲಾಜಿಲ್ಲದೆ ತಡೆಯಿರಿ, ಗಂಟೆಗಟ್ಟಲೆ ಬಿಸಿಯಾಗಿ ಪ್ಲಗ್ಗೇ ಕರಗಬಹುದು. ಕೇಬಲ್ ಖರ್ಚು ಯಾರದು, ಮನೆ ಮಾರಿದರೆ ಚಾರ್ಜರ್ ಯಾರಿಗೆ ಅನ್ನೋದನ್ನೂ ಮೊದಲೇ ಬರೆದಿಡಿ.